ಮಗಳ ಫೀಸು ಜರ್ಮನಿಗೆ: ಕ್ರೆಡಿಟ್ ಕಾರ್ಡಾ, ಬ್ಯಾಂಕಾ, ಫಾರೆಕ್ಸ್ ಕಾರ್ಡಾ?

ತುಮಕೂರಿನಿಂದ ಫೀಸು ಕಟ್ಟುವವರು ‘ಶುಲ್ಕ’ ಎಂಬ ಸಾಲಿಗಿಂತ ಮೊದಲು ವಿನಿಮಯ ದರ ನೋಡಬೇಕು. ದುಡ್ಡು ಸೋರುವುದು ಅಲ್ಲೇ.

ಕ್ರೆಡಿಟ್ ಕಾರ್ಡಿನಲ್ಲಿ ಫಾರೆಕ್ಸ್ ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ) ಸಾಮಾನ್ಯವಾಗಿ 2ರಿಂದ 3.5%, ಆ ಮೊತ್ತಕ್ಕೆ 18% ಜಿಎಸ್‌ಟಿ. 3.5% ಇದ್ದರೆ 1 ಲಕ್ಷಕ್ಕೆ 3,500 ಮತ್ತು 630, ಒಟ್ಟು 4,130 ರೂಪಾಯಿ. ಪೇಮೆಂಟ್ ಪುಟ ‘ರೂಪಾಯಿಯಲ್ಲೇ ಕಟ್ಟಿ’ ಎಂದರೆ ಒಪ್ಪಬೇಡಿ, ಯೂರೋ ಆರಿಸಿ. ರೂಪಾಯಿ ಆರಿಸಿದರೆ ದರ ಆ ಪುಟದವರು ಹಾಕಿದ್ದೇ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿ ಅಂದಿನಿಂದಲೇ ಶುರು. ಕೊನೆಯ ದಿನದ ಸಣ್ಣ ಅರ್ಜಿ ಶುಲ್ಕಕ್ಕೆ ಕಾರ್ಡ್ ಸರಿ, ಸೆಮಿಸ್ಟರ್ ಫೀಸಿಗಲ್ಲ.

ದೊಡ್ಡ ಮೊತ್ತಕ್ಕೆ ಬ್ಯಾಂಕ್ ಟ್ರಾನ್ಸ್‌ಫರ್ ಅಗ್ಗ, ಆದರೆ ಓಡಾಟ ಜಾಸ್ತಿ: ಪ್ಯಾನ್, ಎ2 ಫಾರ್ಮ್ (ಹಣ ಯಾಕೆ ವಿದೇಶಕ್ಕೆ ಹೋಗುತ್ತಿದೆ ಎಂಬ ಘೋಷಣೆ), ಕಾಲೇಜಿನ ಪತ್ರ. ಬಿ.ಎಚ್. ರಸ್ತೆಯಲ್ಲಿ ಬ್ಯಾಂಕು ಕಂಡಿತೆಂದು ನುಗ್ಗಬೇಡಿ. ವಿದೇಶಿ ವಿನಿಮಯದ ಕೆಲಸ ಎಲ್ಲ ಶಾಖೆಗಳಲ್ಲಿ ಆಗುವುದಿಲ್ಲ. ಫಾರ್ಮಿನಲ್ಲಿ ‘ಅವರ್’ (OUR, ಅಂದರೆ ಬ್ಯಾಂಕುಗಳ ಶುಲ್ಕವೆಲ್ಲ ನಮ್ಮದೇ) ಗುರುತು ಹಾಕಿ. ‘ಶಾ’ (SHA, ಅಂದರೆ ಶುಲ್ಕ ಇಬ್ಬರಿಗೂ ಹಂಚಿಕೆ) ಹಾಕಿದರೆ ಮಧ್ಯದ ಬ್ಯಾಂಕು ತನ್ನ ಪಾಲು ಮುರಿದುಕೊಂಡು, ಕಾಲೇಜಿಗೆ ಫೀಸು ಕಡಿಮೆ ಬೀಳಬಹುದು. ವರ್ಷಕ್ಕೆ 10 ಲಕ್ಷ ದಾಟಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ನಿಯಮವನ್ನೂ ಕೇಳಿಕೊಳ್ಳಿ.

ಫಾರೆಕ್ಸ್ ಕಾರ್ಡು (ಮೊದಲೇ ವಿದೇಶಿ ಹಣ ತುಂಬಿಸಿಡುವ ಕಾರ್ಡು) ಮಗಳ ದಿನನಿತ್ಯದ ಖರ್ಚಿಗೆ: ತುಂಬಿಸಿದ ದಿನದ ದರವೇ ಗಟ್ಟಿ. ಯೂರೋ ಕಾರ್ಡನ್ನು ಫ್ರಾಂಕ್ ನಡೆಯುವ ಸ್ವಿಟ್ಜರ್ಲೆಂಡಿನಲ್ಲಿ ಉಜ್ಜಿದರೆ ಮಾತ್ರ ಮತ್ತೆ ಮಾರ್ಕಪ್ ಬೀಳಬಹುದು.