ತುಳಸಿ ಕೊಯ್ದ ಮೇಲೆ: ಕಟ್ಟಿ ನೇತುಹಾಕೋದಾ, ಮೊರದಲ್ಲಿ ಹರಡೋದಾ?

ವೃಂದಾವನದ ತುಳಸಿಯ ಮಾತಲ್ಲ ಇದು. ಅದಕ್ಕೆ ಮಂಗಳವಾರ, ಶುಕ್ರವಾರ, ದ್ವಾದಶಿ ಅಂತ ಕೀಳಬಾರದ ದಿನಗಳಿವೆ. ಮನೇಲಿ ಹಿರಿಯರಿದ್ದರೆ ಕತ್ತರಿ ಅದರ ಹತ್ತಿರ ಸುಳಿಯದಿರೋದೇ ವಾಸಿ. ಇಲ್ಲಿ ಹೇಳುತ್ತಿರೋದು ಕಷಾಯಕ್ಕೆಂದೇ ತಾರಸಿಯ ಕುಂಡಗಳಲ್ಲಿ ಬೆಳೆಸಿದ ಗಿಡದ ಬಗ್ಗೆ. ಮೈಸೂರಿನ ಹವೆಯಲ್ಲಿ ಒಣಗಿಸುವ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇವೆ.

ಯಾವ ದಾರಿ ಹಿಡಿದರೂ ಕೊಯ್ಲು ಒಂದೇ. ತೆನೆ ಮೂಡಿ, ಬುಡದ ಒಂದೆರಡು ಹೂ ಅರಳಿದ ಹೊತ್ತು ಸರಿಯಾದ ಹದ. ಬೀಜ ಕಟ್ಟಿ ತೆನೆ ಕಂದಾಯಿತೋ, ತಡವಾಯಿತು. ಹಿಂದಿನ ಸಂಜೆ ಗಿಡಕ್ಕೆ ನೀರು ಚಿಮುಕಿಸಿ ಧೂಳು ತೊಳೆದುಬಿಡಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕತ್ತರಿಸಿ. ಕೊಯ್ದ ಮೇಲೆ ತೊಳೆದ ಎಲೆ ಕಪ್ಪಾಗುತ್ತೆ. ಬುಡದಿಂದ ಒಂದು ಗೇಣು ಬಿಟ್ಟು, ಜೋಡಿ ಚಿಗುರಿರುವ ಗೆಣ್ಣಿನ ಮೇಲೆ ಕತ್ತರಿಸಿದರೆ ಎರಡು ಮೂರು ತಿಂಗಳಲ್ಲಿ ಮತ್ತೆ ಕೊಯ್ಲಿಗೆ ಬರುತ್ತೆ. ಎಲೆಯಡಿ ಕಪ್ಪು ಚುಕ್ಕೆಯಂಥ ಹಿಕ್ಕೆ, ಮೇಲೆ ಬಿಳಿಚಿದ ಕಲೆ ಕಂಡರೆ ಅದು ರಸ ಹೀರುವ ತಿಗಣೆ ಜಾತಿಯ ಹುಳು. ಆ ಕೊಂಬೆ ಬೇಡ.

ನೇತುಹಾಕೋದು: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕೆ ಸಾಟಿಯಿಲ್ಲ. ಆರೆಂಟು ಕಡ್ಡಿಗೊಂದು ಕಟ್ಟು, ತಲೆಕೆಳಗಾಗಿ, ಗಾಳಿಯಾಡುವ ಕತ್ತಲು ಕೋಣೆಯಲ್ಲಿ. ದಾರ ಬೇಡ, ರಬ್ಬರ್ ಬ್ಯಾಂಡ್ ಹಾಕಿ. ಒಣಗುತ್ತಾ ಕಡ್ಡಿ ಸಣ್ಣಗಾಗಿ ದಾರದ ಕಟ್ಟು ಜಾರಿ ಬೀಳುತ್ತೆ. ಐದಾರು ದಿನದಲ್ಲಿ ಒಣಗುತ್ತೆ, ಘಮ ಹಾಗೇ ಉಳಿಯುತ್ತೆ. ಆದರೆ ಜೂನ್ ನಂತರ ಕಟ್ಟಿನ ನಡುಭಾಗಕ್ಕೆ ಗಾಳಿ ಸಾಲದು. ಹೊರಗಿನ ಎಲೆ ಗರಿಗರಿ, ಒಳಗೆ ಬೂಷ್ಟು.

ಮೊರ: ಮಳೆಗಾಲಕ್ಕೆ ಇದೇ ಸರಿ. ಎಲೆ ಬಿಡಿಸಿ, ಹತ್ತಿ ಪಂಚೆ ಹಾಸಿದ ಮೊರದಲ್ಲಿ ಒಂದೇ ಪದರ ಹರಡಿ. ಫ್ಯಾನ್ ಕೋಣೆಯ ಗಾಳಿ ಆಡಿಸಬೇಕು, ನೇರ ಎಲೆಗೆ ಬಡಿಯಬಾರದು. ದಿನಕ್ಕೆರಡು ಸಲ ಕೈಯಾಡಿಸಿ. ಬಿಡಿಸೋದೇ ದೊಡ್ಡ ಕೆಲಸ, ಉಗುರು ತಗುಲಿದ ಎಲೆಯಿಂದ ಘಮದ ಎಣ್ಣೆಯೂ ಸ್ವಲ್ಪ ಹೋಗುತ್ತೆ. ಅಡುಗೆಮನೆಯಲ್ಲಿಟ್ಟರೆ ಒಗ್ಗರಣೆ ವಾಸನೆ ಖಂಡಿತ.

ಬಿಸಿಲು: ಒಂದೆರಡು ದಿನದ ಕೆಲಸ, ಅಷ್ಟೇ ಅದರ ಗುಣ. ಹಸಿರು ಬಿಳಿಚುತ್ತೆ, ಕೃಷ್ಣ ತುಳಸಿಯಾದರೆ ಕಂದು ಕಸ. ಹಪ್ಪಳಕ್ಕೆ ಸರಿ, ಇದಕ್ಕಲ್ಲ. ಮೈಕ್ರೋವೇವ್‌ನಲ್ಲಿ ಬಣ್ಣ ಪರವಾಗಿಲ್ಲ, ಆದರೆ ಬಾಗಿಲು ತೆಗೆದಾಗ ಮನೆ ತುಂಬುವ ಘಮ ಎಲೆಯಿಂದ ಹೋದದ್ದೇ.

ಹೊಸಬರು ಎಡವೋದು ಡಬ್ಬಿ ತುಂಬುವಾಗ. ಎಲೆ ಮೊದಲು ಒಣಗುತ್ತೆ, ಕಡ್ಡಿ ಆಮೇಲೆ. ಎಲೆ ಪುಡಿಯಾದರೆ ಸಾಲದು, ಪೆನ್ಸಿಲ್ ಸೀಸದಷ್ಟು ದಪ್ಪದ ಕಡ್ಡಿ ಬಾಗದೆ ಲಟಕ್ಕನೆ ಮುರಿಯಬೇಕು. ಇಲ್ಲದಿದ್ದರೆ ಕಡ್ಡಿಯ ತೇವ ಡಬ್ಬಿಯೊಳಗೆ ಎಲೆಗೆ ಹರಡಿ ಎಲ್ಲಾ ಮೆತ್ತಗಾಗುತ್ತೆ. ಒಂದು ಕಿಲೋ ಹಸಿಗೆ ಹೆಚ್ಚೂಕಡಿಮೆ 200 ಗ್ರಾಂ ಒಣಗಿದ್ದು ಸಿಗಬೇಕು. 300 ತೂಗಿತು ಅಂತ ಖುಷಿಪಡಬೇಡಿ, ಅದು ನೀರಿನ ತೂಕ. ಗಾಜಿನ ಭರಣಿ ಮುಕ್ಕಾಲು ತುಂಬಿ, ಮೊದಲ ವಾರ ದಿನಾ ಹತ್ತು ನಿಮಿಷ ಮುಚ್ಚಳ ತೆಗೆದಿಡಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಮತ್ತೆ ಮೊರಕ್ಕೆ ಸುರಿಯಿರಿ. ಬೂಷ್ಟಿನ ವಾಸನೆ ಬಂದರೆ ಆರಿಸಿ ಉಳಿಸೋಕೆ ಹೋಗದೆ ಇಡೀ ಭರಣಿ ಗೊಬ್ಬರದ ಗುಂಡಿಗೆ.