ಮಾಂಟ್‌ಪೀಲಿಯರ್: ನೆಲಮಾಳಿಗೆಗೂ ಇಳಿದು ನೋಡಬೇಕಾದ ಮನೆ

ಅಮೆರಿಕದ ನಾಲ್ಕನೆಯ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 1817ರಲ್ಲಿ ಅಧಿಕಾರ ಮುಗಿಸಿ ಬಂದು, 1836ರಲ್ಲಿ ತೀರಿಕೊಳ್ಳುವವರೆಗೂ ನೆಲೆಸಿದ್ದ ಮಾಂಟ್‌ಪೀಲಿಯರ್, ವಾಷಿಂಗ್ಟನ್ನಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿ, ವರ್ಜೀನಿಯಾದ ಆರೆಂಜ್ ಕೌಂಟಿಯಲ್ಲಿದೆ. ಈಗ ವಸ್ತುಸಂಗ್ರಹಾಲಯವಾಗಿರುವ ಈ ಮನೆಗೆ ಹೋಗುವವರು ಮೇಲಿನ ಕೋಣೆಗಳಿಗೆ ಕೊಡುವಷ್ಟೇ ಸಮಯವನ್ನು ನೆಲಮಾಳಿಗೆಗೂ ಕೊಡಬೇಕು.

ನಂತರದ ಮಾಲೀಕರು ಸೇರಿಸಿದ್ದ ಭಾಗಗಳನ್ನು ತೆಗೆದು ಮ್ಯಾಡಿಸನ್ ಕಾಲದ ರೂಪಕ್ಕೆ ತಂದಿರುವ ಕಟ್ಟಡ ಸುಂದರವಾಗಿದೆ. ಸಂವಿಧಾನ ರಚನೆಗೆಂದು 1787ರಲ್ಲಿ ನಡೆದ ಸಭೆಯ ಟಿಪ್ಪಣಿಗಳನ್ನು ಅವರು ನಿವೃತ್ತಿಯ ವರ್ಷಗಳಲ್ಲಿ ಒಪ್ಪಗೊಳಿಸಿದ್ದು ಇಲ್ಲಿಯೇ. ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಅವರು ಕೊನೆಯುಸಿರೆಳೆದ ಕೋಣೆ. ಆ ಬೆಳಿಗ್ಗೆ ಗುಲಾಮಗಿರಿಯಲ್ಲಿದ್ದ ಸೂಕಿ ಎಂಬವರು ಉಪಾಹಾರ ತಂದರೆಂದೂ, ಮ್ಯಾಡಿಸನ್ನರಿಗೆ ಅದನ್ನು ನುಂಗಲಾಗಲಿಲ್ಲವೆಂದೂ ನಮಗೆ ತಿಳಿದಿರುವುದು ಅಲ್ಲಿಯೇ ಇದ್ದ ಆಪ್ತಸೇವಕ ಪಾಲ್ ಜೆನಿಂಗ್ಸ್ 1865ರಲ್ಲಿ ಪ್ರಕಟಿಸಿದ ನೆನಪುಗಳಿಂದ. ಇದೇ ಎಸ್ಟೇಟಿನಲ್ಲಿ 1799ರಲ್ಲಿ ಗುಲಾಮರಾಗಿ ಹುಟ್ಟಿದ ಜೆನಿಂಗ್ಸ್, ಹದಿನಾರು ವರ್ಷ ದಿನ ಬಿಟ್ಟು ದಿನ ಮ್ಯಾಡಿಸನ್ನರಿಗೆ ಕ್ಷೌರ ಮಾಡಿದವರು. ಕೊನೆಯ ಆರು ತಿಂಗಳು ನಡೆಯಲಾರದೆ ಇದ್ದ ಯಜಮಾನರನ್ನು ಹತ್ತಿರದಿಂದ ಕಂಡವರು.

ನೆಲಮಾಳಿಗೆಯಲ್ಲಿ 2017ರಲ್ಲಿ ತೆರೆದ ಪ್ರದರ್ಶನ, ಇಂಥವರ ಹೆಸರುಗಳನ್ನು ಮುಂದಿಟ್ಟು, ಸಂವಿಧಾನಕ್ಕೂ ಗುಲಾಮಗಿರಿಗೂ ಇದ್ದ ನಂಟನ್ನು ಮುಚ್ಚುಮರೆಯಿಲ್ಲದೆ ವಿವರಿಸುತ್ತದೆ. ಗುಲಾಮರನ್ನು ಅವರ ಒಪ್ಪಿಗೆಯಿಲ್ಲದೆ ಮಾರಬಾರದೆಂದು ಮ್ಯಾಡಿಸನ್ ಉಯಿಲಿನಲ್ಲಿ ಬಯಸಿದರೇ ಹೊರತು ಯಾರನ್ನೂ ಬಿಡುಗಡೆ ಮಾಡಲಿಲ್ಲ. ಸಾಲದಲ್ಲಿ ಮುಳುಗಿದ ಪತ್ನಿ ಡಾಲಿ 1844ರಲ್ಲಿ ಎಸ್ಟೇಟನ್ನು ಮಾರಿದರು, 1846ರಲ್ಲಿ ಜೆನಿಂಗ್ಸ್ ಅವರನ್ನೂ ಮಾರಿದರು. ಮರುವರ್ಷ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಅವರನ್ನು ಬಿಡಿಸಿದರು. ಆ ಹಣವನ್ನು ಜೆನಿಂಗ್ಸ್ ತಿಂಗಳಿಗೆ 8 ಡಾಲರಿನಂತೆ ದುಡಿದು ತೀರಿಸಬೇಕಿತ್ತು. ಹೀಗೆ ಬಿಡುಗಡೆ ಪಡೆದವರು, ಮುಂದೆ ಡಾಲಿ ಬಡತನದಲ್ಲಿದ್ದಾಗ ತಮ್ಮ ಜೇಬಿನಿಂದ ಆಗಾಗ ಸಣ್ಣ ಮೊತ್ತ ಕೊಟ್ಟದ್ದಾಗಿ ಬರೆದಿದ್ದಾರೆ. ಆ ಔದಾರ್ಯವನ್ನು ಓದಿ ಮ್ಯಾಡಿಸನ್ ದಂಪತಿಗಳ ತಪ್ಪು ಹಗುರವಾಯಿತೆಂದು ಯಾರೂ ಭಾವಿಸಬಾರದು. ಅದು ಸಂಪೂರ್ಣವಾಗಿ ಜೆನಿಂಗ್ಸ್ ಅವರ ದೊಡ್ಡತನ.

ಮನೆಯ ಪಕ್ಕದ ದಕ್ಷಿಣ ಅಂಗಳದಲ್ಲಿ, ಮನೆಗೆಲಸದ ಗುಲಾಮರು ವಾಸಿಸಿದ್ದ ಕಟ್ಟಡಗಳನ್ನು ಉತ್ಖನನದ ಆಧಾರದ ಮೇಲೆ ಮತ್ತೆ ಕಟ್ಟಿದ್ದಾರೆ. ಊಟದ ಕೋಣೆಯಿಂದ ಅವು ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ನಡೆದೇ ನೋಡಬೇಕು. ಪ್ರೌಢಶಾಲೆಯ ವಯಸ್ಸಿನ ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಅವರು ಕೇಳುವ ಪ್ರಶ್ನೆಗಳಿಗೆ ನೆಲಮಾಳಿಗೆಯ ಪ್ರದರ್ಶನವೇ ನೇರವಾದ ಉತ್ತರ ಕೊಡುತ್ತದೆ.