ಮೂರು ಚಳಿಗಾಲ ಬಳಸಿದ ಹಿಮದ ಆ್ಯಪ್: ಮೊದಲು ಎತ್ತರ ಬದಲಿಸಿಕೊಳ್ಳಿ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ವರ್ಷಕ್ಕೊಮ್ಮೆ ಎಂಟು ಹತ್ತು ದಿನ ಬಾಗಿಲು ಹಾಕಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಮಾಡಲು ಹೋಗುತ್ತೇನೆ. ಉಳಿದ ದಿನವೆಲ್ಲ ಅದಕ್ಕೆ ದುಡ್ಡು ಕೂಡಿಡುವುದು. ಅಷ್ಟು ದೂರ ಹೋಗಿ ಬರಿ ನೆಲ ನೋಡಿಕೊಂಡು ಬರಬಾರದು ಅಂತ 2023ರ ನವೆಂಬರ್‌ನಲ್ಲಿ ಈ ಹಿಮ ಮುನ್ಸೂಚನೆ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಸುಮಾರು 2,000 ರೂಪಾಯಿ. ನನ್ನ ಲೆಕ್ಕದಲ್ಲಿ ಅದು ಒಂದು ದಿನದ ಸ್ಕೀ ಬಾಡಿಗೆ ಮತ್ತು ಊಟದ ದುಡ್ಡು.

ಮೊದಲ ವರ್ಷ ಆ್ಯಪ್ ಸತ್ಯ ಹೇಳಿತು, ನಾನು ನಂಬಲಿಲ್ಲ. 2024ರ ಜನವರಿಯಲ್ಲಿ ದಿನವೂ ಸೊನ್ನೆ ತೋರಿಸುತ್ತಿತ್ತು. ಹೋಟೆಲಿನವರು ಕಳಿಸಿದ ಫೋಟೋದಲ್ಲಿ ಮಾತ್ರ ಮೊಣಕಾಲುದ್ದ ಹಿಮ. ಫೋಟೋ ನಂಬಿ ಹೋದೆ. ಬಯಲೆಲ್ಲ ಒಣಗಿದ ಹುಲ್ಲು. ಆ ವರ್ಷ ಗುಲ್ಮಾರ್ಗ್‌ನಲ್ಲಿ ತಿಂಗಳ ಕೊನೆಯವರೆಗೂ ಹಿಮ ಬೀಳಲಿಲ್ಲ, ಪೇಪರ್‌ನಲ್ಲೆಲ್ಲ ಬಂದಿತ್ತು. ಅವತ್ತಿನಿಂದ ಆ್ಯಪ್ ಮೇಲೆ ಪ್ರೀತಿ ಹುಟ್ಟಿತು.

ಎರಡನೇ ವರ್ಷ ಮಾರ್ಚ್‌ನಲ್ಲಿ ಹೋದೆ. ಆ್ಯಪ್ ತೆರೆದ ಕೂಡಲೇ ದಪ್ಪ ಅಕ್ಷರದಲ್ಲಿ 32 ಸೆಂ.ಮೀ. ಹಿಮ ಅಂತ ಬಂತು. ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಜಾಕೆಟ್ ಮೇಲೆ ಟಪಟಪ ಹನಿ. ಮಳೆ! ನಾನು ಕಲಿಯುವ ಬಯಲಿನ ಇಳಿಜಾರು ಕೆಸರಾಗಿತ್ತು. ಬೂಟು ಎತ್ತಿದರೆ ಹಿಮದ ಜೊತೆ ಕಪ್ಪು ಮಣ್ಣೂ ಬರುತ್ತಿತ್ತು.

ಆ 32 ಸುಳ್ಳಲ್ಲ. ಅದು ಬೆಟ್ಟದ ತುದಿಯ ಲೆಕ್ಕ. ಗುಲ್ಮಾರ್ಗ್ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ, ಅಂದರೆ ಕೇಬಲ್ ಕಾರಿನ ಮೊದಲ ಹಂತ ಮುಗಿಯುವ ಕೊಂಗ್ಡೋರಿ 3,100ರ ಹತ್ತಿರ, ಅಫರ್ವಟ್ ಬೆಟ್ಟದ ಮೇಲಿನ ಎರಡನೇ ಹಂತದ ನಿಲ್ದಾಣ 3,950ರ ಹತ್ತಿರ. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅವತ್ತು ಮೇಲೆ ಮೈನಸ್ 5, ನಾನು ನಿಂತಲ್ಲಿ ಪ್ಲಸ್ 3. ಪರದೆಯ ಅಡಿಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಫ್ರೀಜಿಂಗ್ ಲೆವೆಲ್ 3,100 ಮೀಟರ್. ಸೊನ್ನೆ ಡಿಗ್ರಿ ಇರುವ ಎತ್ತರ ಅದು. ಅದರ ಕೆಳಗೆ ಇನ್ನೂರು ಮುನ್ನೂರು ಮೀಟರ್‌ವರೆಗೆ ಸಾಮಾನ್ಯವಾಗಿ ಹಿಮ ಹಿಮವಾಗಿಯೇ ಇಳಿಯುತ್ತದೆ. ಅದಕ್ಕೂ ಕೆಳಗೆ ಮಳೆ. ನಾನು ನಾಲ್ಕುನೂರೈವತ್ತು ಮೀಟರ್ ಕೆಳಗಿದ್ದೆ. ನನಗೆ ಬೇಕಾದ ಮಾತು ಆ ಬೂದು ಸಾಲಿನಲ್ಲೇ ಇತ್ತು. ಅದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು ಅಲ್ವಾ?

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅವರದು ಆಳಂದ ಕಡೆ ತೊಗರಿ ಹೊಲ. "ತಮ್ಮಾ, ಮಳಿ ತಾಲೂಕಿಗಿ ಬಂದ್ರ ಏನ್ ಮಾಡ್ಲಿ? ನಮ್ಮ ಹೊಲಕ್ಕ ಬರಬೇಕು" ಅಂದರು. ಮುಂಗಾರಿನಲ್ಲಿ ಅವರು ಟಿವಿ ಮುಂದೆ ಕೂತು ಹೇಳುವ ಮಾತೇ ಇದು. ಬೆಟ್ಟಕ್ಕೂ ಅದೇ ಅನ್ವಯಿಸುತ್ತದೆ. ಇಂಥ ಮುನ್ಸೂಚನೆ ಬರುವುದು ಕಂಪ್ಯೂಟರಿನ ಹವಾಮಾನ ಮಾದರಿಗಳಿಂದ. ಯುರೋಪಿನ ಇಸಿಎಂಡಬ್ಲ್ಯೂಎಫ್ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಮಾಡಿ ಲೆಕ್ಕ ಹಾಕುತ್ತದೆ, ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿ.ಮೀ. ಚೌಕಗಳಾಗಿ. ಅಂಥ ಒಂದೇ ಚೌಕದಲ್ಲಿ ಗುಲ್ಮಾರ್ಗ್ ಬಯಲೂ ಅಫರ್ವಟ್ ತುದಿಯೂ ಸೇರಿಬಿಡಬಹುದು. ಆಮೇಲೆ ಎತ್ತರ ನೋಡಿ ಲೆಕ್ಕ ತಿದ್ದಬೇಕು. ಈ ಆ್ಯಪ್ ಆ ತಿದ್ದುವ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ನೀವು ಯಾವ ಎತ್ತರದಲ್ಲಿ ಇರುತ್ತೀರಿ ಅಂತ ಕೇಳುವುದಿಲ್ಲ. ಸೆಟ್ಟಿಂಗ್‌ಗೆ ಹೋಗಿ ನೀವೇ 2,650 ಅಂತ ಹಾಕಬೇಕು.

ಹಾಕಿದ ಮೇಲೆ ನನ್ನ ಮೂರನೇ ಚಳಿಗಾಲ ಬಹಳ ಚೆನ್ನಾಗಿ ಹೋಯಿತು. ಹವಾಮಾನದ ಬಲೂನುಗಳು ನಮ್ಮ ಬೆಳಗಿನ ಐದೂವರೆ ಹೊತ್ತಿಗೆ ಲೋಕದ ತುಂಬ ಮೇಲೇರುತ್ತವೆ. ಅವು ಅಳೆದದ್ದನ್ನು ಹಾಕಿಕೊಂಡು ಮಾದರಿಗಳ ಲೆಕ್ಕವೆಲ್ಲ ಮುಗಿದು ಹೊಸ ಅಂಕಿ ಆ್ಯಪ್‌ಗೆ ಬರುವಷ್ಟರಲ್ಲಿ ಹತ್ತೂವರೆ ಆಗುತ್ತದೆ. ನನ್ನ ಅಂಗಡಿಗೆ ಎದುರಿನ ಹೋಟೆಲಿಂದ ಚಹಾ ಬರುವುದೂ ಆಗಲೇ. ಮಷಿನ್ ಬಿಸಿಯಾಗುವವರೆಗೆ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೆಗೆಯುತ್ತೇನೆ. ಪೆನ್ಸಿಲ್‌ನಲ್ಲಿ ಮೂರು ಕಾಲಂ: ಕೆಳಗೆ, ನಡು, ತುದಿ. ಬರುವ ಶುಕ್ರವಾರಕ್ಕೆ ಎಷ್ಟು ಅಂತ ಸೋಮವಾರ ಬರೆಯುತ್ತೇನೆ, ಮಂಗಳವಾರ ಅದರ ಕೆಳಗೇ ಬರೆಯುತ್ತೇನೆ. 15, 18, 16 ಹೀಗೆ ಒಂದೇ ಆಸುಪಾಸಿನಲ್ಲಿ ನಿಂತರೆ ನಂಬುತ್ತೇನೆ. 40, 5, 28 ಅಂತ ಕುಣಿದರೆ ಮೆಡಿಟರೇನಿಯನ್ ಕಡೆಯಿಂದ ಮಳೆ, ಹಿಮ ಹೊತ್ತು ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಯಾವ ದಾರಿ ಹಿಡಿಯುತ್ತದೆ ಅನ್ನುವುದು ಇನ್ನೂ ಮಾದರಿಗೆ ಪಕ್ಕಾ ಆಗಿಲ್ಲ ಅಂತ ಅರ್ಥ. ಐದಾರು ದಿನ ದಾಟಿದ ಅಂಕಿಯನ್ನು ಬರೆಯುವುದೇ ಇಲ್ಲ. ಹೊರಗೆ ಬಿಸಿಲು, ಕೈಯಲ್ಲಿ ಚಹಾ, ಹಾಳೆಯಲ್ಲಿ ಕಾಶ್ಮೀರದ ಹಿಮ. ಆ ಹತ್ತು ನಿಮಿಷಕ್ಕಾಗಿಯೇ ಚಂದಾ ಕಟ್ಟಬಹುದು ಅನ್ನಿಸಿದೆ.

ಈ ಮುನ್ಸೂಚನೆ ನೋಡಿ ಟಿಕೆಟ್ ಮಾಡಿಸುವ ಹಾಗಿಲ್ಲ. ರೈಲಿಗೆ 60 ದಿನ ಮೊದಲೇ ಬುಕ್ ಮಾಡಬೇಕು, ಆ್ಯಪ್ ಗಟ್ಟಿಯಾಗಿ ಹೇಳುವುದು ಐದು ದಿನದ ಮಾತು. ಆದರೆ ಯಾವತ್ತು ಬೆಟ್ಟದ ಬುಡದ ಊರು ತಂಗ್‌ಮಾರ್ಗ್‌ನಿಂದ ಮೇಲೆ ಹತ್ತಬೇಕು ಅನ್ನುವುದಕ್ಕೆ ತುಂಬಾ ಉಪಯೋಗ. ಹಿಮ ಬಿದ್ದ ದಿನ ಆ 13 ಕಿ.ಮೀ. ದಾರಿಗೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಇಲ್ಲವೇ ಫೋರ್ ಬೈ ಫೋರ್ ಬೇಕು, ಬಾಡಿಗೆ ಜಾಸ್ತಿ. ಈ ಸಲ ಒಂದು ದಿನ ಮೊದಲೇ ಹತ್ತಿಬಿಟ್ಟೆ. ದುಡ್ಡು ಉಳಿಯಿತು. ಮರುದಿನ ಬೆಳಿಗ್ಗೆ ಬಯಲಿನಲ್ಲೇ ಪುಡಿ ಹಿಮ. ಸ್ಕೀ ಕೆಳಗೆ ಸದ್ದೇ ಇಲ್ಲ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಹೆಚ್ಚು ಹಿಮ ಅಂದರೆ ಎಲ್ಲ ಕಡೆ ಒಳ್ಳೆಯ ದಿನ ಅಲ್ಲ. ಜೋರು ಹಿಮ ಬಿದ್ದು ಗಾಳಿ ಬೀಸಿದರೆ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತದ ಅಪಾಯ. ಆಕಾಶ ನೀಲಿಯಾಗಿದ್ದರೂ ಗೊಂಡೋಲಾದ ಎರಡನೇ ಹಂತ ಮುಚ್ಚಿರಬಹುದು. ಆ್ಯಪ್ ಇದನ್ನು ಹೇಳುವುದಿಲ್ಲ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತ ಎಚ್ಚರಿಕೆಯನ್ನೇ ನೋಡಿ, ಅಲ್ಲಿನ ಇಳಿಜಾರು ಕಾಯುವ ಸ್ಕೀ ಪ್ಯಾಟ್ರೋಲ್‌ನವರನ್ನು ಕೇಳಿ.

ಇಷ್ಟರಲ್ಲೇ ನಿಲ್ಲಿಸಿ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಕಳೆದ ಅಪ್‌ಡೇಟ್ ಬಂದಾಗಿನಿಂದ ನಾನು ಹಾಕಿದ 2,650 ನಿಲ್ಲುತ್ತಿಲ್ಲ. ಆ್ಯಪ್ ಮುಚ್ಚಿ ತೆರೆದರೆ ಮತ್ತೆ ತುದಿಯ ಎತ್ತರ, ಮತ್ತೆ ಅದೇ ದೊಡ್ಡ ಅಂಕಿ. ಫ್ರೀಜಿಂಗ್ ಲೆವೆಲ್ ಸಾಲು ಜಾಸ್ತಿ ದುಡ್ಡಿನ ಪ್ಲಾನ್‌ಗೆ ಹೋಗಿದೆ. ಎರಡು ಸಲ ಬರೆದೆ, ಉತ್ತರ ಬಂದಿಲ್ಲ. ಇದು ಸಣ್ಣ ತೊಂದರೆ ಅಲ್ಲ. ಮೊದಲ ಸಲ ಹೋಗುವ ಹುಡುಗರು ಆ ಅಂಕಿ ನೋಡಿ, ಕೂಡಿಟ್ಟ ದುಡ್ಡೆಲ್ಲ ಹಾಕಿ, ಮಳೆಯಲ್ಲಿ ನಿಲ್ಲುತ್ತಾರೆ.

ಮೂರು ಸ್ಟಾರ್. ಮುಂದಿನ ವರ್ಷ ವರ್ಷದ ಚಂದಾ ಬೇಡ, ಹೋಗುವ ತಿಂಗಳಿಗೆ ಮಾತ್ರ ಕಟ್ಟುತ್ತೇನೆ. ನೀವು ತಗೊಂಡರೆ ಮೊದಲು ಎತ್ತರ ಬದಲಿಸಿ, ಮತ್ತೆ ತೆರೆದಾಗಲೂ ಅದೇ ಇದೆಯಾ ಅಂತ ನೋಡಿ.